ಐಚ್ಛಿಕ ವಿಷಯವೂ ನಮ್ಮ ಅನಿಚ್ಛೆಯೂ

ಸಂಘದ ರಾಜ್ಯೋತ್ಸವ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ಧಾರವಾಡದ ಕಡೆಯ ಹಿರಿಯ ಸ್ನೇಹಿತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. “ಸಾಹೇಬರ, ಮಗಳು ಯುಪಿಎಸ್‌ಸಿ ಕೂಡ್ತಾಳಂತ. ಕನ್ನಡಾ ತಗೊಂಡ್ರ ಮಾರ್ಕ್ಸ್ ಛಲೋ ಬೀಳ್ತಾವಂತ ಎಲ್ಲಾರೂ ಅಂತಾರ. ಖರೇ ಏನು?” ಮಗಳು ಪಕ್ಕದಲ್ಲೇ ನಿಂತಿದ್ದಳು. ದೆಹಲಿಯಲ್ಲಿ ಹುಟ್ಟಿ ಬೆಳೆದವಳು. ತಾಯಿಯೊಡನೆ ಅಚ್ಚ ಧಾರವಾಡದ ಕನ್ನಡ ಮಾತನಾಡುವವಳು. ಅಂದಿನ ಆಹ್ವಾನಪತ್ರಿಕೆಯನ್ನು ಅವಳ ಕೈಗಿತ್ತು ಓದಲು ಹೇಳಿದೆ. ಅಕ್ಷರ ಕೂಡಿಸಿಕೊಂಡು ನಾಲ್ಕು ಸಾಲು ಓದುವಷ್ಟರಲ್ಲಿ ಆಕೆಯ ಮುಖ ಕೆಂಪಾಯಿತು. ನಾನು ಹಾಗೆ ಮಾಡಬಾರದಿತ್ತೆಂದು ಆಮೇಲೆ ಅನಿಸಿತು. ಆದರೆ ತಂದೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು.

ಪ್ರತಿ ವರ್ಷವೂ ಇಂಥ ನಾಲ್ಕಾರು ತಂದೆತಾಯಿಗಳು ನನ್ನನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳುವ ಬದಲು ಇಲ್ಲಿ ಬರೆಯುವುದು ಲೇಸೆಂದು ತೋರಿತು. ಹೇಳಬೇಕಾದುದರಲ್ಲಿ ಕೆಲವು ಮಾತು ನಮ್ಮವರಿಗೆ ಅಪ್ರಿಯವಾಗಬಹುದು.

ಮೊದಲು ಲೆಕ್ಕ. ನಾನು ಪರೀಕ್ಷೆಗೆ ಕುಳಿತ ತೊಂಬತ್ತರ ದಶಕದಲ್ಲಿ ಮುಖ್ಯ ಪರೀಕ್ಷೆಯ 2000 ಅಂಕಗಳಲ್ಲಿ 1200 ಅಂಕ ಎರಡು ಐಚ್ಛಿಕ ವಿಷಯಗಳಿಗೇ ಮೀಸಲು. ಪ್ರಾಥಮಿಕ ಪರೀಕ್ಷೆಯಲ್ಲಿಯೂ ಒಂದು ಐಚ್ಛಿಕ ವಿಷಯವಿತ್ತು. ಅದು 2011ರಲ್ಲಿ ಹೋಯಿತು; 2013ರಲ್ಲಿ ಮುಖ್ಯ ಪರೀಕ್ಷೆಯ ಎರಡು ಐಚ್ಛಿಕಗಳು ಒಂದಾದವು. ಈಗ 1750 ಅಂಕಗಳಲ್ಲಿ ಐಚ್ಛಿಕ ವಿಷಯದ ಪಾಲು 500. ತಲಾ 250ರ ಎರಡು ಪತ್ರಿಕೆಗಳು. ಹಾಗೆಂದು ಅದರ ಮಹತ್ವ ಕುಗ್ಗಿತೆಂದು ತಿಳಿಯಬಾರದು. ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಿಗೆ ಎಲ್ಲರೂ ಅವೇ ಪುಸ್ತಕ, ಅವೇ ಪತ್ರಿಕೆಗಳನ್ನು ಓದಿ ಬರುತ್ತಾರೆ. ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವುದು ಹಲವು ವೇಳೆ ಈ 500 ಅಂಕಗಳೇ.

ಆಯ್ಕೆಗೆ 48 ವಿಷಯಗಳಿವೆ. ಅವುಗಳಲ್ಲಿ 23 ಸಾಹಿತ್ಯಗಳು, ಕನ್ನಡವೂ ಒಂದು. ಇವುಗಳಲ್ಲಿ ಯಾವುದು ‘ಅಂಕ ಕೊಡುವ ವಿಷಯ’ ಎಂಬ ಮಾತು ರಾಜಿಂದರ್ ನಗರದ ಚಹದಂಗಡಿಗಳಲ್ಲಿ ಷೇರುಪೇಟೆಯ ಸುದ್ದಿಯಂತೆ ಏರಿಳಿಯುತ್ತಿರುತ್ತದೆ. ಒಂದು ಕಾಲಕ್ಕೆ ಎಲ್ಲರೂ ಸಾರ್ವಜನಿಕ ಆಡಳಿತದ ಬೆನ್ನು ಹತ್ತಿದ್ದರು. ಕೆಲವೇ ವರ್ಷಗಳಲ್ಲಿ ಆ ಗುಂಪು ಕರಗಿ ಸಮಾಜಶಾಸ್ತ್ರ, ಮಾನವಶಾಸ್ತ್ರ, ರಾಜ್ಯಶಾಸ್ತ್ರಗಳ ಕಡೆ ಹೊರಳಿತು. ಈ ಗಾಳಿಗೆ ನಾನೂ ಸಿಕ್ಕವನೇ. ಮೊದಲ ಸಲ, ಓದಿದ ಇತಿಹಾಸವನ್ನು ಬಿಟ್ಟು, ಕೋಣೆಯ ಗೆಳೆಯರ ಮಾತು ಕೇಳಿ ಸಾರ್ವಜನಿಕ ಆಡಳಿತವನ್ನೂ ಸಮಾಜಶಾಸ್ತ್ರವನ್ನೂ ಹಿಡಿದೆ. ಇತರರ ಟಿಪ್ಪಣಿಗಳನ್ನು ಬಾಯಿಪಾಠ ಮಾಡಿ ಇತರರ ಉತ್ತರಗಳನ್ನೇ ಬರೆದುಬಂದೆ. ಸಂದರ್ಶನದ ಕರೆ ಬರಲಿಲ್ಲ. 1996ರಲ್ಲಿ ಇತಿಹಾಸವನ್ನೂ ಕನ್ನಡ ಸಾಹಿತ್ಯವನ್ನೂ ತೆಗೆದುಕೊಂಡೆ. ಕನ್ನಡದಲ್ಲಿ ಅಂಕ ಹೆಚ್ಚು ಬೀಳುತ್ತದೆಂದಲ್ಲ. ರಾತ್ರಿ ಹನ್ನೊಂದರ ಮೇಲೂ ನಿದ್ದೆ ಬಾರದಂತೆ ಓದಿಸಿಕೊಂಡ ವಿಷಯ ಅದೊಂದೇ ಆಗಿತ್ತು. ಎರಡು ವರ್ಷ ಜೊತೆಗಿರಬೇಕಾದ ವಿಷಯದ ಬಗ್ಗೆ ಇದಕ್ಕಿಂತ ದೊಡ್ಡ ಅರ್ಹತೆಯನ್ನು ನಾನು ಕಾಣೆ.

ಆದುದರಿಂದ ಕನ್ನಡ ‘ಸುಲಭ’ ಎಂಬ ಭ್ರಮೆಯನ್ನು ಮೊದಲು ಬಿಡಬೇಕು. ಪಠ್ಯಕ್ರಮವನ್ನೊಮ್ಮೆ ನೋಡಿ. ಮೊದಲ ಪತ್ರಿಕೆಯಲ್ಲಿ ಭಾಷೆಯ ಚರಿತ್ರೆ, ಸಾಹಿತ್ಯ ಚರಿತ್ರೆ, ಕಾವ್ಯಮೀಮಾಂಸೆ, ಕರ್ನಾಟಕದ ಸಾಂಸ್ಕೃತಿಕ ಇತಿಹಾಸ. ಎರಡನೆಯದು ಪೂರ್ತಿ ಪಠ್ಯಗಳು: ವಡ್ಡಾರಾಧನೆಯ ಕಥೆಗಳು, ಪಂಪನ ವಿಕ್ರಮಾರ್ಜುನ ವಿಜಯದ ಹನ್ನೆರಡು ಹದಿಮೂರನೆಯ ಆಶ್ವಾಸಗಳು, ವಚನಗಳು, ಕುಮಾರವ್ಯಾಸನ ಕರ್ಣಪರ್ವ, ಆಮೇಲೆ ಬೆಟ್ಟದ ಜೀವ, ಶೂದ್ರ ತಪಸ್ವಿ, ತುಘಲಕ್, ಒಡಲಾಳ, ಮೂರ್ತಿರಾಯರ ದೇವರು, ಜೊತೆಗೆ ಜಾನಪದ. ಐದು ಶತಮಾನಗಳ ಅಂತರದ ಎರಡು ಕರ್ಣಾವಸಾನಗಳನ್ನು ಒಂದೇ ಪತ್ರಿಕೆಗೆ ಓದಬೇಕೆಂದರೆ, ಪಂಪ ಯಾವುದನ್ನು ಒಂದೇ ಪದ್ಯದಲ್ಲಿ ಮುಗಿಸಿದ, ಕುಮಾರವ್ಯಾಸ ಯಾವುದರ ಮೇಲೆ ನಿಂತುಬಿಟ್ಟ ಎಂದು ಸ್ವತಃ ಕಾಣಬಲ್ಲ ಓದು ಬೇಕು. ತೀ.ನಂ.ಶ್ರೀ.ಯವರ ಭಾರತೀಯ ಕಾವ್ಯಮೀಮಾಂಸೆಯನ್ನು ಸಾರಾಂಶದ ಹಾಳೆಗಳಿಂದ ಅರಗಿಸಿಕೊಳ್ಳಲಾಗದು.

ಇನ್ನೊಂದು ಮಾತನ್ನು ತಂದೆತಾಯಿಗಳು ಯೋಚಿಸುವುದೇ ಇಲ್ಲ. ಈ ಪತ್ರಿಕೆಗಳ ಉತ್ತರವನ್ನು ಕನ್ನಡದಲ್ಲಿಯೇ ಬರೆಯಬೇಕು. ಮೂರು ಗಂಟೆಗಳಲ್ಲಿ ಐದು ದೊಡ್ಡ ಪ್ರಶ್ನೆಗಳು, ಒಂದೊಂದರಲ್ಲಿ ಹಲವು ಉಪಪ್ರಶ್ನೆಗಳು. ಕೈ ಓಡಬೇಕು. ಒತ್ತಕ್ಷರ ಎಡಕ್ಕೋ ಕೆಳಕ್ಕೋ ಎಂದು ಯೋಚಿಸುತ್ತ ಕುಳಿತರೆ ಎರಡನೆಯ ಪ್ರಶ್ನೆಗೇ ಗಂಟೆ ಬಾರಿಸುತ್ತದೆ. ಮನೆಯಲ್ಲಿ ನಿರರ್ಗಳವಾಗಿ ಕನ್ನಡ ಮಾತನಾಡುವ ಮಗ ಇಂಗ್ಲಿಷಿನಲ್ಲಿ ನಿಮಿಷಕ್ಕೆ ಬರೆಯುವಷ್ಟನ್ನು ಕನ್ನಡದಲ್ಲಿ ಬರೆಯಬಲ್ಲನೇ ಎಂದು ಗಡಿಯಾರ ಇಟ್ಟು ನೋಡಿ. ಆಗದಿದ್ದರೆ ಭೂಗೋಳವೋ ಮಾನವಶಾಸ್ತ್ರವೋ ಅವನಿಗೆ ಒಪ್ಪುವುದನ್ನು ತೆಗೆದುಕೊಳ್ಳಲಿ. ಭಾಷಾಭಿಮಾನ ಮೆರೆಸುವ ಜಾಗ ಪರೀಕ್ಷೆಯ ಕೊಠಡಿಯಲ್ಲ. ನಮ್ಮ ಅಭಿಮಾನದ ಬೆಲೆಯನ್ನು ಮಕ್ಕಳ ಪ್ರಯತ್ನಗಳಿಂದ ತೆರುವುದು ನ್ಯಾಯವೂ ಅಲ್ಲ. ಸಾಮಾನ್ಯ ವರ್ಗದವರಿಗೆ ಇರುವವು ಆರೇ ಆರು ಪ್ರಯತ್ನಗಳು.

ಅಪ್ರಿಯವಾದುದು ಇನ್ನು ಮುಂದಿದೆ.

2013ರ ಮಾರ್ಚಿನಲ್ಲಿ ಆಯೋಗದ ಅಧಿಸೂಚನೆಯೊಂದು ಬಂದಿತ್ತು, ಅನೇಕರಿಗೆ ನೆನಪಿರಬಹುದು. ಪದವಿಯಲ್ಲಿ ಮುಖ್ಯವಾಗಿ ಓದಿದವರಿಗೆ ಮಾತ್ರ ಆ ಭಾಷೆಯ ಸಾಹಿತ್ಯವನ್ನು ಐಚ್ಛಿಕವಾಗಿ ಆರಿಸಲು ಅವಕಾಶ. ಭಾರತೀಯ ಭಾಷೆಯ ಅರ್ಹತಾ ಪತ್ರಿಕೆಯೇ ರದ್ದು. ದೇಶದಾದ್ಯಂತ ಪ್ರತಿಭಟನೆಯಾಗಿ, ಸಂಸತ್ತಿನಲ್ಲಿ ಗದ್ದಲವಾಗಿ, ಆ ತಿಂಗಳೇ ಅದನ್ನು ಹಿಂತೆಗೆದುಕೊಂಡರು. ಆ ನಿಯಮ ಉಳಿದಿದ್ದರೆ ಹೊರನಾಡ ಕನ್ನಡಿಗರ ಮಕ್ಕಳಿಗೆ ಕನ್ನಡದ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಹೋಗುತ್ತಿತ್ತು. ನಾವಿರುವ ಊರುಗಳಲ್ಲಿ ಕನ್ನಡವನ್ನು ಮುಖ್ಯ ವಿಷಯವಾಗಿ ಕಲಿಸುವ ಕಾಲೇಜುಗಳು ಎಷ್ಟಿವೆ? ಆಗ ನಾವೂ ಊಟದ ಮೇಜಿನಲ್ಲಿ, ಕಚೇರಿಯ ಮೊಗಸಾಲೆಯಲ್ಲಿ ಸಾಕಷ್ಟು ಕೂಗಾಡಿದೆವು. ಹೀಗೆ ಉಳಿದ ಹಕ್ಕನ್ನು ನಮ್ಮಲ್ಲಿ ಯಾರು ಬಳಸಿದೆವು?

ಐಚ್ಛಿಕ ವಿಷಯದ ಮಾತು ಬಿಡಿ. ಮುಖ್ಯ ಪರೀಕ್ಷೆಯಲ್ಲಿ ಎಂಟನೆಯ ಅನುಸೂಚಿಯ ಒಂದು ಭಾಷೆಯ ಪತ್ರಿಕೆ ಕಡ್ಡಾಯವಾಗಿದೆ. 300 ಅಂಕ, ಶೇಕಡ 25 ಬಂದರೆ ಸಾಕು, ಶ್ರೇಣಿಗೆ ಅದು ಲೆಕ್ಕಕ್ಕಿಲ್ಲ. ಒಂದು ಪ್ರಬಂಧ, ಸಂಕ್ಷೇಪ, ಗದ್ಯಭಾಗದ ಗ್ರಹಿಕೆ, ಅನುವಾದ: ನಮ್ಮ ಕಾಲದ ಹತ್ತನೆಯ ತರಗತಿಯ ಮಟ್ಟ. ನನಗೆ ಪರಿಚಯವಿರುವ ಇಲ್ಲಿಯ ಕನ್ನಡ ಮನೆಗಳ ಮಕ್ಕಳು ಬಹುತೇಕ ಈ ಪತ್ರಿಕೆಯನ್ನು ಹಿಂದಿಯಲ್ಲಿ ಬರೆಯುತ್ತಾರೆ. ಮುಂಬಯಿಯಲ್ಲಿರುವ ಬಂಧುಗಳ ಮಕ್ಕಳು ಮರಾಠಿಯಲ್ಲಿ ಬರೆದರು. ಅವರ ತಪ್ಪೇನಿಲ್ಲ, ಇದರಲ್ಲಿ ಅರ್ಹತೆ ಬಾರದಿದ್ದರೆ ಉಳಿದ ಪತ್ರಿಕೆಗಳ ಮೌಲ್ಯಮಾಪನವೇ ನಡೆಯದು, ಅದಕ್ಕಾಗಿ ಬಲ್ಲ ಲಿಪಿಯನ್ನು ನಂಬುತ್ತಾರೆ. ನವೆಂಬರಿನಲ್ಲಿ ಹಿಂದಿ ಹೇರಿಕೆಯ ಕುರಿತು ಗಂಟೆಗಟ್ಟಲೆ ಭಾಷಣ ಮಾಡುವ ನಾವು, ಶೇಕಡ 25 ಅಂಕ ತರುವಷ್ಟು ಕನ್ನಡವನ್ನೂ ಮಕ್ಕಳ ಕೈಗೆ ಕೊಟ್ಟಿಲ್ಲ. ಇದನ್ನು ಯಾರು ಹೇರಿದರು? ನನ್ನ ಸ್ವಂತ ಮಗನೂ ಕನ್ನಡವನ್ನು ಓದುತ್ತಾನೆ, ಬರೆಯಲಾರ. ಬೆರಳು ಮೊದಲು ನನ್ನ ಕಡೆಗೇ ತಿರುಗುತ್ತದೆ.

ನಮ್ಮ ಸಂಘಗಳು ನಾಟಕ, ಯಕ್ಷಗಾನ, ದಾಸರ ಪದಗಳ ಸ್ಪರ್ಧೆಗಳನ್ನು ಶ್ರದ್ಧೆಯಿಂದ ನಡೆಸುತ್ತ ಬಂದಿವೆ. ಅವೆಲ್ಲವೂ ಬಾಯಿಯ ಕನ್ನಡ, ಕಿವಿಯ ಕನ್ನಡ. ಹಾಡಬೇಕಾದ ಪದವನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡಿ ಬಹುಮಾನ ಪಡೆದ ಮಕ್ಕಳನ್ನು ನಾನೇ ಕಂಡಿದ್ದೇನೆ. ಎಂಟನೆಯ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಬರಹದ ತರಗತಿ, ವರ್ಷಕ್ಕೆ ಒಂದು ಪ್ರಬಂಧ ಸ್ಪರ್ಧೆ, ಅದೂ ಗಡಿಯಾರ ಇಟ್ಟು ಅಲ್ಲಿಯೇ ಕುಳಿತು ಬರೆಯುವಂಥದು. ಇದಕ್ಕೆ ಒಂದು ಕೋಣೆ, ಒಂದು ಕರಿಹಲಗೆ, ನಿವೃತ್ತರಾದ ಇಬ್ಬರು ಮೇಷ್ಟ್ರು ಸಾಕು. ಪದವಿ ಮುಗಿಸಿ ಇಪ್ಪತ್ತೆರಡರಲ್ಲಿ ಬಂದು ‘ಕನ್ನಡ ತೆಗೆದುಕೊಳ್ಳಲೇ?’ ಎಂದು ಕೇಳುವವರಿಗೆ ಉತ್ತರವನ್ನು ಹದಿಮೂರರಲ್ಲಿ ಕೊಡಬೇಕಾಗಿತ್ತು. ಐಎಎಸ್ ಆಗುವವರು ನೂರಕ್ಕೆ ಒಬ್ಬರೂ ಇಲ್ಲ ಎನ್ನುವಿರಾದರೆ, ಉಳಿದ ತೊಂಬತ್ತೊಂಬತ್ತು ಮಂದಿ ಅಜ್ಜನಿಗೊಂದು ಕಾಗದವನ್ನಾದರೂ ಬರೆಯಬಲ್ಲರು.

ಆ ಹುಡುಗಿಗೆ ಬೆಟ್ಟದ ಜೀವವನ್ನು ಕೊಟ್ಟು, ಒಂದು ತಿಂಗಳಲ್ಲಿ ಮುಗಿಸಲಾದರೆ ಮಾತನಾಡೋಣ, ಇಲ್ಲವಾದರೆ ಮಾನವಶಾಸ್ತ್ರ ತೆಗೆದುಕೋ ಎಂದೆ. ಐದು ವಾರವಾದ ಮೇಲೆ ಫೋನ್ ಮಾಡಿದಳು. “ಅಂಕಲ್, ಅರ್ಧಾ ಆಗೇದ. ಕಾಡಿನ ವರ್ಣನಾ ಬಂದಾಗ ಅಮ್ಮನ್ನ ಕೇಳಬೇಕಾಗ್ತದ, ಅಕೀಗೂ ಕೆಲವೊಂದು ಗೊತ್ತಿಲ್ಲ.” ಅರ್ಜಿ ತುಂಬಲು ಇನ್ನೂ ಸಮಯವಿದೆ. ಮಾನವಶಾಸ್ತ್ರದ ಪುಸ್ತಕಗಳನ್ನೂ ತರಿಸಿಕೊಂಡಿದ್ದಾಳಂತೆ. ಕಾರಂತರ ಪುಸ್ತಕವನ್ನು ಮಾತ್ರ ಇನ್ನೂ ಹಿಂದಿರುಗಿಸಿಲ್ಲ.