ಸಿಸ್ಟರುಗಳು ಯಾಕೆ ನಿಲ್ಲುತ್ತಿಲ್ಲ?

ಗುತ್ತಿಗೆ ಸಿಸ್ಟರೊಬ್ಬರು ಕೆಲಸ ಬಿಟ್ಟರೆ ಆಸ್ಪತ್ರೆಯ ಮೇಲಿನವರದು ಒಂದೇ ರಾಗ: 'ಸಂಬಳ ಸಾಲದು ಅಂತ ಗಲ್ಫಿಗೆ ಹೋದ್ರು.' ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅಮೆರಿಕದಲ್ಲಿ ನರ್ಸುಗಳಿಗೆ ಬರ ಬಿದ್ದಿದ್ದಾಗ, ಅಲ್ಲಿನ ನರ್ಸಿಂಗ್ ಅಕಾಡೆಮಿಯು ನರ್ಸುಗಳನ್ನು ಉಳಿಸಿಕೊಂಡಿದ್ದ 41 ಆಸ್ಪತ್ರೆಗಳನ್ನು ಹುಡುಕಿ ಕಾರಣ ಕೇಳಿತು. 1983ರಲ್ಲಿ ವರದಿ ಹೊರಬಂತು. ಆ 'ಅಯಸ್ಕಾಂತ ಆಸ್ಪತ್ರೆ'ಗಳ ನರ್ಸಿಂಗ್ ಮುಖ್ಯಸ್ಥರು ಕೈಗೆ ಸಿಗುತ್ತಿದ್ದರು, ಕೆಳಗಿನವರ ಮಾತು ಕೇಳುತ್ತಿದ್ದರು. ಡ್ಯೂಟಿ ಹಂಚುವಾಗ ಅವರ ಕಷ್ಟಸುಖ ನೋಡುತ್ತಿದ್ದರು.

ಇಲ್ಲಿ? ಕೇಂದ್ರ ಸರ್ಕಾರ 2016ರಲ್ಲಿ ಸ್ಟಾಫ್ ನರ್ಸಿಗೆ 'ನರ್ಸಿಂಗ್ ಆಫೀಸರ್' ಎಂಬ ಹೆಸರು ಕೊಟ್ಟಿತು, ರಾಜ್ಯವೂ ಹಿಂಬಾಲಿಸಿತು. ಹೆಸರು ದೊಡ್ಡದಾಯಿತು, ಬೈಗುಳ ಹಾಗೇ ಉಳಿಯಿತು. ಡಾಕ್ಟರ ತಪ್ಪಿಗೂ ಸಿಸ್ಟರಿಗೇ ನೋಟಿಸು. ಎದುರು ಮಾತಾಡಿದರೆ ಸಾಲುಸಾಲು ನೈಟ್ ಡ್ಯೂಟಿ. ರೋಗಿಯ ಕಡೆಯವರು ಮೈಮೇಲೆ ಬಂದಾಗ ಮೇಲಿನವರ ರೂಮಿಗೆ ಬೀಗ. ಇದು ಆಡಳಿತವಲ್ಲ, ದರ್ಬಾರು. ಇದರ ದಂಡ ತೆರುವವನು ರಾತ್ರಿ ಎರಡು ಗಂಟೆಗೆ ಡ್ರಿಪ್ ಮುಗಿದರೂ ಕರೆಯಲು ಯಾರೂ ಸಿಗದ ಬಡ ರೋಗಿ.

ಸಂಬಳ ಏರಿಸಲು ವಿಧಾನಸೌಧದ ಅಪ್ಪಣೆ ಬೇಕು, ಒಪ್ಪೋಣ. ಡ್ಯೂಟಿ ಪಟ್ಟಿಯನ್ನು ವಾರ ಮೊದಲೇ ಗೋಡೆಗೆ ಹಚ್ಚಲು, ರಾತ್ರಿ ವಾರ್ಡಿಗೊಮ್ಮೆ ಬಂದು 'ಊಟ ಆಯ್ತೇನಮ್ಮಾ?' ಎನ್ನಲು ಯಾರ ಅಪ್ಪಣೆ ಬೇಕು?