ಚೆಟ್ರಿ ಮರಳಿ ಬಂದರು ಸರಿ, ನಿಮ್ಮ ಮೊಣಕಾಲು ಬಂದಿದೆಯೇ?



ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂದು ಹಿರಿಯರು ಹೇಳಿದ್ದಾರೆ. ಈಚೆಗೆ ನಮ್ಮ ನಡುವೆ ಒಂದು ಮಾತು ಮೊಣಕಾಲುಗಳನ್ನು ಕೆಡಿಸುತ್ತಿದೆ. "ನಲವತ್ತರಲ್ಲಿ ಸುನಿಲ್ ಚೆಟ್ರಿ ಮರಳಿ ಬಂದು ಗೋಲು ಹೊಡೆದ, ನಿಮಗೇನು ಧಾಡಿ?" ಎಂಬುದೇ ಆ ಮಾತು. ಶುಕ್ರವಾರದ ಆಟಕ್ಕೆ ಜನ ಸೇರಿಸುವಾಗ ಇದೇ ಮಾತು, ಕ್ರೀಡಾಕೂಟಕ್ಕೆ ಹೆಸರು ಬರೆಸಿಕೊಳ್ಳುವಾಗ ಇದೇ ಮಾತು, ಕಾಲಿಗೆ ಪಟ್ಟಿ ಸುತ್ತಿಕೊಂಡು ಮನೆಯಲ್ಲಿ ಕುಳಿತವರನ್ನು ಹಣ್ಣು ಹಿಡಿದುಕೊಂಡು ನೋಡಲು ಹೋದಾಗಲೂ ಇದೇ ಮಾತು. ಆಡುವವರು ಇದನ್ನು ಹುರಿದುಂಬಿಸುವ ಮಾತೆಂದು ತಿಳಿದಿದ್ದಾರೆ. ಇದು ಗಾಯಾಳುವಿನ ಬೆನ್ನಿಗೆ ಬೀಸುವ ಚಾಟಿ ಎಂಬುದು ನನ್ನ ವಾದ. ಚಾಟಿ ಬೀಸುವವರಿಗೆ ಚೆಟ್ರಿಯವರ ಕಥೆಯೂ ಪೂರ್ತಿ ಗೊತ್ತಿಲ್ಲ.

ಆ ಕಥೆಗೆ ನಮ್ಮ ಕುವೈತಿನ ನಂಟೂ ಇದೆ. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಆಡಿ ಚೆಟ್ರಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಪಂದ್ಯ ಗೋಲಿಲ್ಲದೆ ಮುಗಿಯಿತು. ಒಂಬತ್ತು ತಿಂಗಳ ನಂತರ, 2025ರ ಮಾರ್ಚ್ 19ರಂದು, ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ ಮತ್ತೆ ಕಣಕ್ಕಿಳಿದು ತಲೆಯಿಂದ ಚೆಂಡನ್ನು ಗುರಿ ಸೇರಿಸಿದರು. ಅದು ದೇಶಕ್ಕಾಗಿ ಅವರ 95ನೇ ಗೋಲು. ಭಾರತ 3-0ಯಿಂದ ಗೆದ್ದಿತು. ಇಷ್ಟು ನಮಗೆಲ್ಲ ಗೊತ್ತು.

ಆ ಒಂಬತ್ತು ತಿಂಗಳು ಅವರು ಏನು ಮಾಡುತ್ತಿದ್ದರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಆಡುತ್ತಿದ್ದರು! ಅವರು ಬಿಟ್ಟದ್ದು ರಾಷ್ಟ್ರೀಯ ತಂಡವನ್ನು ಮಾತ್ರ. 2013ರಿಂದ ಅವರ ಮನೆಯಂತಾಗಿರುವ ಬೆಂಗಳೂರು ಎಫ್‌ಸಿಯನ್ನು ಬಿಟ್ಟಿರಲಿಲ್ಲ. ಆ ಋತುವಿನ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದರು. ಅಂದರೆ ಅವರ ದೇಹ ಎಲ್ಲಿಗೂ ಹೋಗಿರಲಿಲ್ಲ, ಆದ್ದರಿಂದ ಮರಳಿ ಬರುವ ಪ್ರಶ್ನೆಯೂ ಇರಲಿಲ್ಲ. ಮಂಗಾಫಿನಿಂದ ಶುವೈಖಿಗೆ ದಿನವೂ ಕಾರಿನಲ್ಲಿ ಹೋಗಿ ಬಂದು, ರಾತ್ರಿ ಹತ್ತಕ್ಕೆ ಊಟ ಮಾಡಿ, ಇಪ್ಪತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಕೊನೆಯ ಬಾರಿ ಚೆಂಡು ಒದ್ದವರು ಇವರೊಂದಿಗೆ ತಮ್ಮನ್ನು ಹೋಲಿಸಿಕೊಳ್ಳುವುದು ಯಾವ ಲೆಕ್ಕ?

"ಅವರಿಗೆ ಗಾಯವಾಗಿರಲಿಲ್ಲ, ಒಪ್ಪಿದೆವು. ಗಾಯಗೊಂಡವರೂ ಮರಳಿ ಬಂದಿಲ್ಲವೇ? ನಮ್ಮ ಶ್ರೀನಾಥ್, ನಮ್ಮ ಕುಂಬ್ಳೆ?" ಎಂದು ಕೇಳುವವರಿದ್ದಾರೆ. ಬಂದಿದ್ದಾರೆ. ಹೇಗೆ ಬಂದರು ಎಂಬುದನ್ನೂ ಕೇಳಿಸಿಕೊಳ್ಳಿ. 1997ರಲ್ಲಿ ಶ್ರೀನಾಥ್ ಅವರ ಭುಜದ ಸ್ನಾಯು ಕೆಟ್ಟು ಶಸ್ತ್ರಚಿಕಿತ್ಸೆಯಾಯಿತು. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ತಿಂಗಳುಗಟ್ಟಲೆ ಆಟವಿಲ್ಲದೆ ಕಳೆದರು, ಆ ವರ್ಷದ ಕೊನೆಗಷ್ಟೇ ಮರಳಿದರು. ಅದರ ಫಲವಾಗಿ 1999ರಲ್ಲಿ ಪಾಕಿಸ್ತಾನದ ವಿರುದ್ಧ ಈಡನ್ ಗಾರ್ಡನ್ಸ್‌ನಲ್ಲಿ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಸಿಕ್ಕಿತು. ಟೆಸ್ಟ್ ಬಿಟ್ಟ ಮೇಲೂ 33ರ ವಯಸ್ಸಿನಲ್ಲಿ 2003ರ ವಿಶ್ವಕಪ್ ಆಡಿ 16 ವಿಕೆಟ್ ಪಡೆದರು.

ಕುಂಬ್ಳೆಯವರದು ಇನ್ನೂ ದೊಡ್ಡ ಪಾಠ. 2001ರ ಆರಂಭದಲ್ಲಿ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಆ ವರ್ಷದ ಮಾರ್ಚಿನ ಆಸ್ಟ್ರೇಲಿಯಾ ಸರಣಿಯನ್ನು ಹೊರಗೆ ಕುಳಿತು ನೋಡಿದರು. ಹರಭಜನ್ 32 ವಿಕೆಟ್ ಕಿತ್ತು ರಾಷ್ಟ್ರದ ಕಣ್ಮಣಿಯಾದ ಸರಣಿ ಅದು. ತನ್ನ ಜಾಗದಲ್ಲಿ ಇನ್ನೊಬ್ಬ ಮೆರೆಯುವುದನ್ನು ನೋಡುತ್ತಾ ಸುಮ್ಮನೆ ಕೂರುವುದಕ್ಕಿಂತ ದೊಡ್ಡ ಮನೋಬಲ ಬೇಕೇ? ಅವರು ಅವಸರಪಡಲಿಲ್ಲ. ಅವರ ಒಟ್ಟು 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಶಸ್ತ್ರಚಿಕಿತ್ಸೆಯ ನಂತರ ಬಂದವು.

ನಮ್ಮವರಿಗೆ ಇದು ನೆನಪಿರುವುದಿಲ್ಲ. ನೆನಪಿರುವುದು 2002ರ ಆಂಟಿಗುವಾ: ದವಡೆ ಮುರಿದು, ಮುಖಕ್ಕೆ ಬ್ಯಾಂಡೇಜ್ ಸುತ್ತಿ, 14 ಓವರ್ ಎಸೆದು ಲಾರಾರನ್ನು ಔಟ್ ಮಾಡಿದ ಚಿತ್ರ. ಅದನ್ನು ತೋರಿಸಿ "ನೋಡು, ಗಂಡಸು!" ಎನ್ನುತ್ತೇವೆ. ಅದಾದ ಕೂಡಲೇ ಅವರು ಸರಣಿ ಬಿಟ್ಟು ಬೆಂಗಳೂರಿಗೆ ಹಾರಿ ದವಡೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು ಹೇಳುವುದಿಲ್ಲ. ದವಡೆ ಮುರಿದವನು ಕೈಯಿಂದ ಚೆಂಡೆಸೆಯಬಹುದು. ಲಿಗಮೆಂಟ್ ಹರಿದ ಮೊಣಕಾಲಿನ ಮೇಲೆ ಓಡಿದರೆ ಒಳಗಿನ ಮೃದ್ವಸ್ಥಿಯೂ ಹರಿಯುತ್ತದೆ.

ದುಡ್ಡಿದ್ದರೆ ಈ ಕಾಯುವಿಕೆಯನ್ನು ತಪ್ಪಿಸಬಹುದೇ ಎಂದು ಕೇಳುವವರು ಪಕ್ಕದ ರಿಯಾದಿನ ಕಡೆ ನೋಡಲಿ. ಬ್ರೆಜಿಲ್‌ನ ನೇಮರ್ ಅಲ್ ಹಿಲಾಲ್ ತಂಡದಲ್ಲಿದ್ದಾಗ, 2023ರ ಅಕ್ಟೋಬರಿನಲ್ಲಿ ದೇಶದ ಪರ ಉರುಗ್ವೆ ವಿರುದ್ಧ ಆಡುತ್ತಾ ಎಡಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ಜಗತ್ತಿನ ಯಾವ ವೈದ್ಯರು ಬೇಕಾದರೂ ಅವರಿಗೆ ಸಿಗುತ್ತಿದ್ದರು. ಆದರೂ ಮೈದಾನಕ್ಕೆ ಮರಳಲು ಒಂದು ವರ್ಷ ಬೇಕಾಯಿತು. ಮರಳಿದ ಎರಡೇ ವಾರದಲ್ಲಿ ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟಿತು. 2025ರ ಜನವರಿಯಲ್ಲಿ ಒಪ್ಪಂದವೇ ಮುರಿದು ತವರಿನ ಸಾಂಟೋಸ್ ತಂಡಕ್ಕೆ ಹೋದರು. ಅಲ್ಲೂ ಸ್ನಾಯು ಮತ್ತೆ ಮತ್ತೆ ಕಾಡಿತು. ಮೊಣಕಾಲು ವಾಸಿಯಾದ ಮಾತ್ರಕ್ಕೆ ಕಾಲು ವಾಸಿಯಾಗುವುದಿಲ್ಲ. ವರ್ಷವಿಡೀ ದುಡಿಯದ ಸ್ನಾಯುಗಳಿಗೆ ಓಟವನ್ನು ಮೊದಲಿನಿಂದ ಕಲಿಸಬೇಕು.

ಈಗ ಸ್ವಲ್ಪ ವೈದ್ಯಕೀಯ. ಹರಿದ ಲಿಗಮೆಂಟಿನ ಜಾಗದಲ್ಲಿ ರೋಗಿಯ ಮೈಯಿಂದಲೇ ಸ್ನಾಯುರಜ್ಜುವಿನ ತುಂಡೊಂದನ್ನು ತೆಗೆದು ಕಸಿ ಮಾಡುತ್ತಾರೆ. ಈ ತುಂಡಿಗೆ ಮೊದಲು ರಕ್ತಸಂಚಾರ ತಪ್ಪುತ್ತದೆ, ಒಳಗಿನ ಜೀವಕೋಶಗಳು ಸಾಯುತ್ತವೆ, ಆಮೇಲೆ ಹೊಸ ರಕ್ತನಾಳಗಳು ಬೆಳೆದು ಅದು ನಿಧಾನವಾಗಿ ಲಿಗಮೆಂಟ್ ಆಗುತ್ತದೆ. ಎರಡನೆಯ, ಮೂರನೆಯ ತಿಂಗಳಿನ ಹೊತ್ತಿಗೆ ಅದು ಅತ್ಯಂತ ದುರ್ಬಲ. ವಿಪರ್ಯಾಸವೆಂದರೆ ಅದೇ ಹೊತ್ತಿಗೆ ಊತ ಇಳಿದಿರುತ್ತದೆ, ನೋವು ಹೋಗಿರುತ್ತದೆ, ರೋಗಿ ಮೆಟ್ಟಿಲು ಹತ್ತುತ್ತಿರುತ್ತಾನೆ. "ಈಗೇನು, ಆರಾಮಾಗಿದ್ದೀಯಲ್ಲ, ಬಾ ಒಂದು ಕೈ ನೋಡೋಣ" ಎಂದು ಮಿತ್ರರು ಕರೆಯುವುದೂ ಆಗಲೇ. ಒಂಬತ್ತು ತಿಂಗಳಿಗೆ ಮೊದಲೇ ಇಂಥ ಆಟಕ್ಕೆ ಮರಳಿದವರಲ್ಲಿ ಮತ್ತೆ ಹರಿಯುವ ಅಪಾಯ ಹೆಚ್ಚು. ಊರಿನಲ್ಲಿ ಕಸಿ ಕಟ್ಟಿದ ಮಾವಿನ ಗಿಡಕ್ಕೆ ಮೂರನೆಯ ತಿಂಗಳಲ್ಲಿ ಉಯ್ಯಾಲೆ ಕಟ್ಟುವವರನ್ನು ಯಾರಾದರೂ ಕಂಡಿದ್ದೀರಾ?

ಇನ್ನು ಈ ದೇಶದ ಲೆಕ್ಕಕ್ಕೆ ಬರೋಣ. ಚೆಟ್ರಿಗೆ, ಕುಂಬ್ಳೆಗೆ ಕಾಯಲು ಸಮಯ ಕೊಡುವವರಿದ್ದರು. ನಮ್ಮ ಸದಸ್ಯರಿಗೆ ಯಾರಿದ್ದಾರೆ? ಕುವೈತಿನ ಖಾಸಗಿ ವಲಯದ 2010ರ ಕಾರ್ಮಿಕ ಕಾನೂನಿನ ಪ್ರಕಾರ ವರ್ಷಕ್ಕೆ ಕಾಯಿಲೆ ರಜೆ ಇಷ್ಟು: 15 ದಿನ ಪೂರ್ತಿ ಸಂಬಳ, ಮುಂದಿನ 10 ದಿನ ಮುಕ್ಕಾಲು, ಮತ್ತೆ 10 ದಿನ ಅರ್ಧ, ಮತ್ತೆ 10 ದಿನ ಕಾಲು, ಕೊನೆಯ 30 ದಿನ ಸಂಬಳವಿಲ್ಲ. ಒಟ್ಟು 75 ದಿನ. ಕೆಲಸದಲ್ಲಿ ಗಾಯವಾದರೆ ನಿಯಮ ಬೇರೆ, ಆದರೆ ಶುಕ್ರವಾರದ ಫುಟ್‌ಬಾಲನ್ನು ಯಾವ ಕಂಪೆನಿಯೂ ಕೆಲಸವೆಂದು ಒಪ್ಪುವುದಿಲ್ಲ. ಕಚೇರಿಯಲ್ಲಿ ಕುಳಿತು ದುಡಿಯುವವರು ಹೇಗೋ ಸುಧಾರಿಸಿಕೊಂಡಾರು. ಏಣಿ ಹತ್ತುವ ಟೆಕ್ನೀಷಿಯನ್, ಲಾರಿ ಚಾಲಕ, ಹನ್ನೆರಡು ಗಂಟೆ ನಿಂತು ದುಡಿಯುವ ನರ್ಸ್ ತಂಗಿಯರು ಏನು ಮಾಡಬೇಕು? ಕೆಲಸ ಹೋದರೆ ಅಕಾಮ, ಅಕಾಮ ಹೋದರೆ ಹೆಂಡತಿ ಮಕ್ಕಳ ವೀಸಾ, ಮಕ್ಕಳ ಶಾಲೆ. ಒಂದು ಟ್ಯಾಕಲ್‌ನಿಂದ ಒಂದು ಸಂಸಾರ ಊರಿಗೆ ಹೊರಡಬಹುದು. ಆಗ ಕಪ್ಪು ಹಿಡಿದು ಫೋಟೋ ತೆಗೆಸಿಕೊಂಡವರು ವಿಮಾನ ನಿಲ್ದಾಣದವರೆಗೆ ಬರುತ್ತಾರೆ, ಅಷ್ಟೇ.

"ಡಾಕ್ಟರಿಗೆ ಎಲ್ಲದಕ್ಕೂ ಬೇಡ ಎನ್ನುವುದೇ ಕೆಲಸ" ಎಂದು ಯಾರೂ ಮೂಗು ಮುರಿಯುವುದು ಬೇಡ. ತಾವು ಆಡಬೇಕು ಎಂಬುದೇ ನನ್ನ ಆಸೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ನಮ್ಮ ಕೊಲ್ಲಿ ಜೀವನದ ಬಳುವಳಿಗಳು. ಅವಕ್ಕೆ ಮೈ ಬೆವರುವುದಕ್ಕಿಂತ ಒಳ್ಳೆಯ ಮದ್ದು ಕಡಿಮೆ. ನನ್ನ ಜಗಳ ವರ್ಷಕ್ಕೊಮ್ಮೆ ಏಕಾಏಕಿ ಬೆವರುವ ಪದ್ಧತಿಯ ಮೇಲೆ. ವಾರವಿಡೀ ಕುಳಿತು ರಜೆಯ ದಿನ ಮಾತ್ರ ಜಿಗಿಯುವ ಮಧ್ಯವಯಸ್ಕರಲ್ಲೇ ಹಿಮ್ಮಡಿಯ ಸ್ನಾಯುರಜ್ಜು ಹೆಚ್ಚಾಗಿ ಹರಿಯುವುದು. ತಯಾರಿಯಿಲ್ಲದ ಹೃದಯದ ಮಾತನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ನಮ್ಮ ಕಾರ್ಯಕಾರಿ ಸಮಿತಿಯ ಮುಂದೆ ನಾಲ್ಕು ಬೇಡಿಕೆ ಇಡುತ್ತೇನೆ. ಒಂದು, ನಲವತ್ತು ದಾಟಿದವರ ಆಟಕ್ಕೆ ಎಂಟು ವಾರ ಮೊದಲೇ ಹೆಸರು ಬರೆಸಿಕೊಂಡು, ವಾರಕ್ಕೆ ಎರಡು ಸಂಜೆ ಅಭ್ಯಾಸಕ್ಕೆ ಬಂದವರನ್ನು ಮಾತ್ರ ಮೈದಾನಕ್ಕೆ ಇಳಿಸಬೇಕು; ರಕ್ತದೊತ್ತಡ, ಸಕ್ಕರೆ, ಹೃದಯದ ತಪಾಸಣೆ ಆಗಿರಬೇಕು. ಎರಡು, ಶಸ್ತ್ರಚಿಕಿತ್ಸೆ ಆದವರ ಹೆಸರನ್ನು ಅವರ ವೈದ್ಯರ ಚೀಟಿ ಇಲ್ಲದೆ ಬರೆದುಕೊಳ್ಳಬಾರದು. ಮೂರು, ಅರ್ಧ ಮೈದಾನ, ಚಿಕ್ಕ ಅವಧಿ, ಬಿಸಿಲಿಳಿದ ಮೇಲೆ ಆಟ. ನಾಲ್ಕು, ಎಲ್ಲಕ್ಕಿಂತ ಮುಖ್ಯವಾದುದು: ಪ್ರವೇಶಧನದ ಒಂದು ಪಾಲನ್ನು ಗಾಯಾಳು ನಿಧಿಗೆ ಎತ್ತಿಡಬೇಕು. ಸಂಬಳವಿಲ್ಲದ ಆ 30 ದಿನ ಒಂದು ಮನೆಯ ಬಾಡಿಗೆ ಕಟ್ಟುವಷ್ಟಾದರೂ ಅದರಲ್ಲಿರಬೇಕು. ಅದಕ್ಕಾಗಿ ಕಪ್ಪು ಒಂದು ಗೇಣು ಚಿಕ್ಕದಾದರೆ ಕನ್ನಡ ತಾಯಿ ಮುನಿಸಿಕೊಳ್ಳುವುದಿಲ್ಲ.

ಮನೆಯ ಹೆಂಗಸರಲ್ಲಿ ಒಂದು ಮನವಿ. ಗಂಡನಿಗೆ ಕಾಲು ನೋವಿದ್ದಾಗ ಕರೆಯಲು ಬಂದವರನ್ನು ಕಾಫಿ ಕೊಟ್ಟು ಕೂರಿಸಿ, "ನಿಧಿಗೆ ಎಷ್ಟು ಕೊಟ್ಟಿರಿ ಅಣ್ಣಾ?" ಎಂದು ಕೇಳಿ. ಗಾಯಾಳುವಿಗೆ ಕಾಯಲು ಸಮಯ ಕೊಡಿಸಲಾರದವರಿಗೆ ಮರಳಿ ಬಾ ಎಂದು ಕರೆಯುವ ಹಕ್ಕಿಲ್ಲ.

ಮುಂದಿನ ಸಭೆಯಲ್ಲಿ ಈ ನಾಲ್ಕು ಅಂಶಗಳು ಚರ್ಚೆಗೆ ಬರಲಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ, ಉತ್ತರ ಕೊಡಲು ನಾನು ಸಿದ್ಧ.

— ವೈದ್ಯ ಸದಸ್ಯ, ಎಗೈಲಾ