ಸುಂಕದಕಟ್ಟೆಯಲ್ಲಿ ಎರಡು ನ್ಯಾಯ

ನಮ್ಮ ಜಿಲ್ಲೆಯ ತೆಂಕಣ ಅಂಚಿನಾಚೆ ದೇವನಹಳ್ಳಿಯ ವಿಮಾನ ನಿಲ್ದಾಣ. ಬಡಗಣ ಅಂಚಿಗೆ ಆಂಧ್ರದ ಗಡಿ. ಪ್ರಯಾಣಿಕನ ಚೀಲದಲ್ಲಿ ಸೀಸೆಯಿದೆಯೇ ಎಂದು ಎರಡೂ ಕಡೆ ಕೇಳುತ್ತಾರೆ. ಆದರೆ ಕೇಳುವ ದನಿ ಒಂದೇ ಅಲ್ಲ.

ವಿದೇಶದಿಂದ ಬಂದಿಳಿದವನು 2 ಲೀಟರಿನವರೆಗೆ ಮದ್ಯವನ್ನು ಸುಂಕವಿಲ್ಲದೆ ತರಬಹುದೆಂದು 2016ರ ಬ್ಯಾಗೇಜ್ ನಿಯಮಗಳು ಗೊತ್ತುಮಾಡಿದವು. ಹೆಚ್ಚಿಗೆ ತಂದವನು ಮುಂದಾಗಿ ತಿಳಿಸಿ ಸುಂಕ ಕಟ್ಟಬೇಕು. ಅಳತೆ ಸ್ಪಷ್ಟ, ಮರ್ಯಾದೆಗೆ ಕುಂದಿಲ್ಲ. ಇದು ತಪ್ಪೆಂದು ನಾವು ಹೇಳುವುದಿಲ್ಲ.

ಗೌರಿಬಿದನೂರಿನಿಂದ ಹಿಂದೂಪುರಕ್ಕೆ, ಚಿಂತಾಮಣಿಯಿಂದ ಮದನಪಲ್ಲಿಗೆ ಹೋಗುವವನ ಪಾಡೇನು? ಮದ್ಯದ ತಯಾರಿಕೆ, ಸಾಗಣೆ, ಮಾರಾಟಗಳನ್ನು ಸಂವಿಧಾನವು ರಾಜ್ಯಗಳ ಕೈಗೆ ಕೊಟ್ಟಿದೆ. 2017ರಲ್ಲಿ ಜಿ.ಎಸ್.ಟಿ. ಬಂದಾಗಲೂ ಕುಡಿಯುವ ಮದ್ಯವನ್ನು ಅದರಿಂದ ಹೊರಗಿಟ್ಟರು. ಹೀಗಾಗಿ ಶಿಡ್ಲಘಟ್ಟದ ರೇಷ್ಮೆನೂಲಿಗೆ ಇಲ್ಲದ ಗಡಿ ಸೀಸೆಗೆ ಇದೆ. ಬೀಗರ ಊರಾದರೂ ಸೀಸೆಯ ಮಟ್ಟಿಗೆ ಅದು ಪರದೇಶವೇ.

2019ರ ಅಕ್ಟೋಬರಿನಲ್ಲಿ ಆಂಧ್ರ ಸರಕಾರ ಮದ್ಯದಂಗಡಿಗಳನ್ನು ತಾನೇ ವಹಿಸಿಕೊಂಡಿತು. 2020ರ ಮೇ ತಿಂಗಳಲ್ಲಿ ಬೆಲೆಯನ್ನು ಎರಡು ಕಂತಿನಲ್ಲಿ ಒಟ್ಟು ಶೇ. 75ರಷ್ಟು ಏರಿಸಿತು. ಗಡಿಯ ಈಚೆಗೆ ಅಗ್ಗ, ಆಚೆಗೆ ದುಬಾರಿ. ಸರಕು ಹರಿಯದೆ ಇದ್ದೀತೆ? ಹೊರರಾಜ್ಯದಿಂದ ಮೂರು ಬಾಟಲಿಯವರೆಗೆ ತರಬಹುದೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿನ ಹೈಕೋರ್ಟು ಹೇಳಿತು. ಅಕ್ಟೋಬರಿನಲ್ಲಿ ಸರಕಾರ ನಿಯಮವನ್ನೇ ತಿದ್ದಿ, ಪರವಾನಗಿಯಿಲ್ಲದೆ ತರಕೂಡದೆಂದಿತು. ಎರಡೇ ತಿಂಗಳಲ್ಲಿ ಕಾನೂನು ಮಗ್ಗುಲು ಬದಲಿಸಿದರೆ ಗಿರಣಿಯಲ್ಲಿ ಪಾಳಿ ಮುಗಿಸಿ ಬಸ್ಸು ಹತ್ತುವವನಿಗೆ ಅದು ತಿಳಿಯುವುದಾದರೂ ಹೇಗೆ? 2024ರ ಅಕ್ಟೋಬರಿನಲ್ಲಿ ಆಂಧ್ರದಲ್ಲಿ ಖಾಸಗಿ ಅಂಗಡಿಗಳು ಮರಳಿ ಬಂದವು. 99 ರೂಪಾಯಿಯ ಕ್ವಾರ್ಟರೂ ಬಂತು. ಇತ್ತ ನಮ್ಮ ಸರಕಾರ 2023ರಲ್ಲಿಯೇ ಹೆಚ್ಚುವರಿ ಅಬಕಾರಿ ಸುಂಕವನ್ನು ಏರಿಸಿತ್ತು. ಬೆಲೆಯ ತಕ್ಕಡಿ ಹೇಗೆ ವಾಲಿದರೂ ಗಡಿಯಲ್ಲಿ ಸಿಕ್ಕಿಬೀಳುವವನು ಬಡವನೇ.

ಕುಡಿತದ ಪರವಾಗಿ ನಾವು ವಕಾಲತ್ತು ಹಾಕುತ್ತಿಲ್ಲ. ಕೂಲಿಯ ಹಣ ಮನೆ ಸೇರುವ ಮೊದಲೇ ಅಂಗಡಿ ಸೇರುವುದರ ಫಲವನ್ನು ಕಾರ್ಮಿಕರ ಮನೆಯ ಹೆಂಗಸರು ಬಲ್ಲರು. ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ಬಜೆಟ್ಟು ಅಬಕಾರಿ ವರಮಾನದ ಗುರಿ ಹೇಳುತ್ತದೆ. ಮಾರಿ ಲಾಭ ಮಾಡುವ ಸರಕಾರ, ಕೊಂಡವನನ್ನು ಮಾತ್ರ ಕಳ್ಳನಂತೆ ಕಾಣುವುದು ಯಾವ ನೀತಿ?

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಗಡಿಯ ತನಿಖಾ ಠಾಣೆಗಳಲ್ಲೂ ಬಸ್ ನಿಲ್ದಾಣಗಳಲ್ಲೂ ಎಷ್ಟು ತರಬಹುದೆಂಬ ಅಳತೆಯನ್ನು ಕನ್ನಡ, ತೆಲುಗು ಎರಡರಲ್ಲೂ ಬರೆದು ಹಾಕಲಿ. ಸ್ವಂತಕ್ಕೆ ಒಂದೆರಡು ಸೀಸೆ ಒಯ್ದವನಿಗೂ ಲಾರಿಗಟ್ಟಲೆ ಸಾಗಿಸುವವನಿಗೂ ಭೇದವೆಣಿಸಲಿ. ಪ್ರಯಾಣಿಕನ ಚೀಲದಲ್ಲಿ ಸಿಕ್ಕ ಸೀಸೆಗಾಗಿ ಸಣ್ಣ ವ್ಯಾಪಾರಿಯ ಆಟೋ, ಟೆಂಪೋಗಳನ್ನು ಹಿಡಿದಿಟ್ಟು ಅವನ ಅನ್ನಕ್ಕೆ ಕಲ್ಲು ಹಾಕದಿರಲಿ.

ಕೂಲಿಗಾಗಿ ಕೊಲ್ಲಿ ದೇಶಗಳಿಗೆ ಹೊರಟ ಸೋದರರಿಗೂ ಒಂದು ಮಾತು. ಸೌದಿ ಅರೇಬಿಯಾ 1952ರಿಂದ ಮದ್ಯವನ್ನು ನಿಷೇಧಿಸಿದೆ, ಕುವೈತಿನಲ್ಲೂ ತರುವಂತಿಲ್ಲ. ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿ ಮಾರಿತೆಂದ ಮಾತ್ರಕ್ಕೆ ಇಳಿಯುವ ದೇಶ ಒಪ್ಪುವುದಿಲ್ಲ. ಸಾಲ ಮಾಡಿ ಕೊಂಡ ವೀಸಾ ಒಂದು ಸೀಸೆಯಿಂದ ಹೋದೀತು. ಇನ್ನೊಬ್ಬರು ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬುದು ಹಳೆಯ ಗಾದೆ. ಪ್ರಜಾರಾಜ್ಯದಲ್ಲಿ ಆ ಗಾದೆ ಸುಳ್ಳಾಗಬೇಕು. ಒಬ್ಬೊಬ್ಬರೇ ಗೋಗರೆದರೆ ಅದು ಆಗದು. ಗಿರಣಿ ಸಂಘಗಳೂ ವರ್ತಕರ ಸಂಘಗಳೂ ಕೂಡಿ ಈ ಬೇಡಿಕೆಗಳನ್ನು ಜಿಲ್ಲಾಧಿಕಾರಿಗಳ ಮುಂದಿಡಬೇಕೆಂದು ನಾವು ಕರೆಕೊಡುತ್ತೇವೆ.